ಹಿರಿಯಮ್ಮನ ಹನ್ನೊಂದು ಮಕ್ಕಳು

ಆಶ್ಟನ್, ಯೂನಿಯನ್ ದ್ವೀಪ
9 ಜನವರಿ 1966

ವರ್ಲಿನ್ ಮಗಳೇ,

ನಾನು, ನನ್ನ ಆಡುಗಳು, ನನ್ನ ಸೊಂಟದ ನೋವು ಮೂರೂ ಎಂದಿನ ಹಾಗೇ ಇದ್ದೀವಿ. ತೊಗರಿ ಈ ಸಲ ಗಿಡ ಬಾಗೋ ಹಾಗೆ ಕಾಯಿ ಹಿಡಿದಿದೆ. ಒಣಗಿಸಿ ಅಂಚೆದೋಣೀಲಿ ಕಳಿಸ್ತೀನಿ.

ಈಗ ವಿಷಯಕ್ಕೆ ಬರ್ತೀನಿ. ನಮ್ಮ ವಂಶದ ಹಿರಿಯಮ್ಮ ಮೂರು ಸಲ ಕನಸಲ್ಲಿ ಬಂದ್ಲು. ಅಡಿಗೆಮನೆ ಬಾಗಿಲಲ್ಲಿ ನನಗೆ ಬೆನ್ನು ಹಾಕಿ ನಿಂತು ಹೇಳ್ತಾಳೆ: "ನೀನು ನಿಮ್ಮಪ್ಪನಿಗೆ ಸಮಾಧಿಕಲ್ಲು ಹಾಕಿಸ್ದೆ, ನಿಮ್ಮಮ್ಮನಿಗೆ ಹಾಕಿಸ್ದೆ, ಆ ಜಗಳಗಂಟ ಗಂಡನಿಗೂ ಹಾಕಿಸ್ದೆ. ನನ್ನ ಗೋರಿಗೆ ಕಲ್ಲಿಲ್ಲ, ತಲೆ ಮೇಲೆ ಇನ್ನೂ ಗುರುತಿಗಿಟ್ಟ ನಾಲ್ಕು ಶಂಖಾನೇ ಇದೆ." ಕನಸಲ್ಲಿ ಕೇಳಿದ್ದನ್ನ ಕೊಡದೆ ಇರೋ ಮನೆ ನಮ್ಮದಲ್ಲ. ಮೇ ತಿಂಗಳಲ್ಲಿ, ಬಿತ್ತನೆಗೆ ಮುಂಚೆ ಕಲ್ಲು ಹಾಕಿಸಿ, ಊರಿಗೆಲ್ಲ ಊಟ ಹಾಕಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ. ನನಗೆ ಎಪ್ಪತ್ತೆಂಟು. ಇನ್ನೊಂದು ಮೇ ತಿಂಗಳನ್ನ ನಂಬಿಕೊಂಡು ಕೂರೋ ಹಾಗಿಲ್ಲ.

ಆದ್ರೆ ಗಾರೆ ಕೆಲಸದ ಕಾನೆಲ್ ಬಂದು, "ಕಲ್ಲಿನ ಮೇಲೆ ಏನಂತ ಬರೀಲಿ, ತಾಂತಿ?" ಅಂದ.

"ಹಿರಿಯಮ್ಮ ಅಂತ ಬರಿ."

"ಎಲ್ಲರ ಮನೇಲೂ ಒಬ್ಬಳು ಹಿರಿಯಮ್ಮ ಇರ್ತಾಳೆ. ಸ್ವರ್ಗದಲ್ಲಿ ಜಗಳ ಹತ್ತಿಸ್ತೀಯಾ?" ಅಂತ ನಕ್ಕ.

ಅವನ ನಗೂನ ಅವನ ಬಾಯಿಗೇ ತುರುಕ್ತಿದ್ದೆ. ಆದ್ರೆ ಅವನು ಹೇಳಿದ್ದು ಸರಿ. ನಮ್ಮೋರು ಗೌರವ ಅಂತ ಅವಳ ಹೆಸರನ್ನ ಬಾಯಲ್ಲಿ ಎತ್ತಲಿಲ್ಲ. ನಮ್ಮಜ್ಜ ಎತ್ತಲಿಲ್ಲ, ಅವನಮ್ಮ ಎತ್ತಲಿಲ್ಲ. ಹೀಗೆ ಗೌರವ ಕೊಟ್ಟು ಕೊಟ್ಟೇ ಹೆಸರು ಕಳ್ಕೊಂಡ್ವಿ. ಅವಳ ಹನ್ನೊಂದು ಮಕ್ಕಳ ಹೆಸರು ಮಾತ್ರ ನನ್ನ ನಾಲಿಗೆ ಮೇಲಿದೆ: ಕೋಫಿ, ಲೂಸಿ, ಕ್ವಾಮಿ, ಸ್ಯಾಮ್ಸನ್, ಬೆಸ್, ಜೂಬಾ, ಪಾಂಪಿ, ಮಳೇಲಿ ಬಂದೋನು, ಇಸಾಕ್, ಕಣ್ಬಿಟ್ಟು ನೋಡ್ದೋಳು, ಗ್ರೇಸ್. ಈ ಗ್ರೇಸೇ ನಮ್ಮಜ್ಜ ಟೈಟಸ್‌ನ ಅಮ್ಮ.

ನೀನು ಜಮೈಕಾಕ್ಕೆ ಹೋಗಿ ಕಾಲೇಜು ಓದಿ ಬಂದೋಳು. ಬಿಳಿಯರು ಬರೆದಿಟ್ಟ ಪುಸ್ತಕಗಳೆಲ್ಲ ನಿಮ್ಮ ಕಿಂಗ್ಸ್‌ಟೌನಲ್ಲೇ ಇವೆಯಂತೆ. ಹುಡುಕು.

ಮಗು ಹಾಲು ಕುಡೀತಾಳಾ? ನೀನು ಮಲಗ್ತೀಯಾ?

ನಿನ್ನ ತಾಂತಿ, ನಿಮ್ಮಪ್ಪನ ಅಕ್ಕ,
ಆರ್ಮೆಲಾ


ಕಿಂಗ್ಸ್‌ಟೌನ್
2 ಫೆಬ್ರವರಿ 1966

ಪ್ರೀತಿಯ ತಾಂತಿ,

ಇಮೆಲ್ಡಾ ಹಾಲು ಕುಡಿಯುತ್ತಾಳೆ, ತೂಕವೂ ಏರಿದೆ. ಆದರೂ ತೊಟ್ಟಿಲ ಮೇಲೆ ಬಾಗಿ ಉಸಿರು ನೋಡುವುದನ್ನು ನಾನು ಬಿಟ್ಟಿಲ್ಲ. ನನ್ನ ಗಂಡ ಕ್ಲೈವ್, "ನಾಲ್ಕು ತಿಂಗಳ ಮಗು, ಉಸಿರಾಡುವುದು ಅವಳಿಗೆ ಗೊತ್ತಿದೆ, ನೀನು ಕಲಿಸಬೇಕಾಗಿಲ್ಲ" ಎನ್ನುತ್ತಾರೆ. ಮಲಗುವ ವಿಷಯ ಇನ್ನೊಮ್ಮೆ ಬರೆಯುತ್ತೇನೆ.

ಪಾಠ ಹೇಳುವ ಶಾಲೆಯಿಂದ ಇನ್ನೂ ಹೆರಿಗೆ ರಜೆಯಲ್ಲಿದ್ದೇನೆ. ಹಾಗಾಗಿ ಮಗುವನ್ನು ಎತ್ತಿಕೊಂಡೇ ದಾಖಲೆ ಕಚೇರಿಗೆ ಹೋದೆ. ಅಲ್ಲಿರುವ ಗುಮಾಸ್ತರು ಟೆಲ್ಫರ್ಡ್ ಎನ್ನುವವರು. ಪುಸ್ತಕಗಳ ಮೇಲಿನ ಧೂಳನ್ನು ಕೋಳಿಗರಿಯಿಂದ ಒರೆಸುತ್ತಾರೆ, ಬಟ್ಟೆ ಮುಟ್ಟಿಸಿದರೆ ಹಾಳೆಗೆ ನೋವಾಗುತ್ತದಂತೆ. ಇಮೆಲ್ಡಾ ಹೋದ ಕೂಡಲೇ ಅಳಲು ಶುರುಮಾಡಿದಳು.

"ಟೀಚರ್, ಇಲ್ಲಿರೋರೆಲ್ಲ ನೂರು ವರ್ಷದಿಂದ ಸುಮ್ಮನೆ ಮಲಗಿದ್ದಾರೆ. ನಿಮ್ಮ ಮಗಳು ಎಲ್ಲರನ್ನೂ ಎಬ್ಬಿಸ್ತಾಳೆ."

"ಅದಕ್ಕೇ ಕರ್ಕೊಂಡು ಬಂದಿದ್ದು, ನನಗೆ ಒಬ್ಬರು ಎದ್ದರೆ ಸಾಕು" ಎಂದೆ.

ಅವರು ಕೈಚಾಚಿ ಮಗುವನ್ನು ತೆಗೆದುಕೊಂಡು, ನನ್ನ ಮುಂದೆ 1817ರ ಪುಸ್ತಕವಿಟ್ಟರು. ದೊರೆಗಳ ಸರ್ಕಾರ ದ್ವೀಪದ ಗುಲಾಮರನ್ನೆಲ್ಲ ಮೊದಲ ಸಲ ಹೆಸರು ಹಿಡಿದು ಬರೆಸಿದ ವರ್ಷ ಅದು. ತಾಂತಿ, ಅಕ್ಷರ ಎಷ್ಟು ಚೆಂದವಿದೆ ಗೊತ್ತೇ? ಅಷ್ಟು ಚೆಂದದ ಅಕ್ಷರದಲ್ಲಿ ಮನುಷ್ಯರನ್ನು ಹೇಸರಗತ್ತೆಗಳ ಪಟ್ಟಿಯ ಹಾಗೆ ಬರೆದಿದ್ದಾರೆ. ನಮ್ಮೂರಿನ ಹತ್ತಿ ತೋಟದ ಪುಟ ಸಿಕ್ಕಾಗ ಬೆರಳಿಟ್ಟು ಒಂದೊಂದೇ ಸಾಲು ಓದಿದೆ. ಕೋಫಿ ಇದ್ದಾನೆ. ಲೂಸಿ ಇದ್ದಾಳೆ. ಮುಂದಿನ ಪುಸ್ತಕಗಳಲ್ಲಿ ಹುಡುಕುತ್ತ ಹೋದರೆ ಸ್ಯಾಮ್ಸನ್, ಜೂಬಾ, ಪಾಂಪಿ, ಇಸಾಕ್, ಕೊನೆಗೆ ಗ್ರೇಸ್. ನೀವು ಅಂಗಳದಲ್ಲಿ ತೊಗರಿ ಬಿಡಿಸುತ್ತ ಹಾಡಿನ ಹಾಗೆ ಹೇಳುತ್ತಿದ್ದ ಹೆಸರುಗಳು ಅದೇ ಕ್ರಮದಲ್ಲಿ ಕಾಗದದ ಮೇಲಿದ್ದವು. ಒಂದು ಚೂರು ಕಾಗದವೂ ಇಲ್ಲದೆ ನೂರೈವತ್ತು ವರ್ಷ ಇದನ್ನು ಹೊತ್ತು ತಂದವರಿಗೆ ಏನು ಹೇಳಲಿ. ಕಾಲೇಜಿನಲ್ಲಿ ನಾನು ಓದಿದ್ದು ಆರು ತಿಂಗಳಿಗೇ ಮರೆತುಹೋಗಿತ್ತು.

ಆದರೆ ಎರಡು ಮಾತು. ಯಾವ ಮಗು ಯಾರದು ಎಂದು ಆ ಪುಸ್ತಕ ಬರೆದಿಲ್ಲ. ತೋಟದಲ್ಲಿ ಇವರ ತಾಯಿಯಾಗುವ ವಯಸ್ಸಿನ ಹೆಂಗಸರು ಮೂವರು: ಕ್ಲಾರಿಸ್ಸಾ, ಡಾಫ್ನಿ, ಮಿಂಬಾ. ಕ್ಲಾರಿಸ್ಸಾಳ ಹೆಸರು ಕೋಫಿಗಿಂತ ಸ್ವಲ್ಪ ಮೇಲಿದೆ, ಅವಳೇ ಇರಬೇಕು ಎಂದು ನನ್ನ ಲೆಕ್ಕ. ಎರಡನೆಯದು, ಮಕ್ಕಳು ಹನ್ನೊಂದಲ್ಲ, ಏಳು. ಕ್ವಾಮಿ, ಬೆಸ್, ಉಳಿದ ಆ ಇಬ್ಬರು ಯಾವ ಪುಸ್ತಕದಲ್ಲೂ ಇಲ್ಲ. ಬಾಯಿಂದ ಬಾಯಿಗೆ ಬರುವಾಗ ಬೇರೆ ಮನೆಯ ಮಕ್ಕಳು ಸೇರಿಕೊಂಡಿರಬಹುದು. ಬೇಜಾರು ಮಾಡಿಕೊಳ್ಳಬೇಡಿ.

ಕ್ಲಾರಿಸ್ಸಾ ಎಂದು ಬರೆಸಲು ಕಾನೆಲ್‌ಗೆ ಹೇಳಬಹುದು.

ನಿಮ್ಮ
ವರ್ಲಿನ್


ಆಶ್ಟನ್
20 ಫೆಬ್ರವರಿ 1966

ವರ್ಲಿನ್,

ನಿನ್ನ ಕ್ಲಾರಿಸ್ಸಾನ ನಾನು ಕಾನೆಲ್‌ಗೆ ಹೇಳಲ್ಲ. ಮೂರು ಜನರಲ್ಲಿ ಮೇಲಿದ್ದೋಳು ಅಂತ ಒಬ್ಬಳನ್ನ ಎತ್ಕೊಂಡು ಬರೋಕೆ ಇದೇನು ಮೀನಿನ ಬುಟ್ಟಿನಾ? ತಪ್ಪು ಹೆಂಗಸಿನ ಹೆಸರನ್ನ ನಮ್ಮ ಹಿರಿಯಮ್ಮನ ತಲೆ ಮೇಲೆ ಇಟ್ರೆ, ಇಬ್ಬರೂ ಬಂದು ನನ್ನ ಬಾಗಿಲಲ್ಲಿ ನಿಲ್ತಾರೆ.

ಮಕ್ಕಳ ಮಾತು. ನನಗೆ ಬೇಜಾರಿಲ್ಲ, ನಗು ಬಂತು. ಆ ಪೆನ್ನಿನೋನು ನಮ್ಮೂರಿಗೆ ಎಷ್ಟು ಸಲ ಬಂದ ಅಂತ ನಿನ್ನ ಕೋಳಿಗರಿ ಗುಮಾಸ್ತನ್ನ ಕೇಳು. ಮಗು ಹುಟ್ಟಿದಾಗೆಲ್ಲ ಓಡಿ ಬರ್ತಿದ್ನಾ? ಅವನು ಕೆಲಸಕ್ಕೆ ಬರೋರನ್ನ ಎಣಿಸ್ದ. ನಾನು ಅವಳು ಹೊತ್ತೋರನ್ನ ಎಣಿಸ್ತೀನಿ. ಮಳೇಲಿ ಬಂದೋನು, ಕಣ್ಬಿಟ್ಟು ನೋಡ್ದೋಳು ಇಬ್ಬರಿಗೂ ಒಂಬತ್ತು ದಿನ ತುಂಬಲಿಲ್ಲ, ಅದಕ್ಕೆ ಹೆಸರಿಲ್ಲ. ಹೆಸರಿಲ್ಲ ಅಂತ ಹೊಟ್ಟೇಲಿ ಇರ್ಲಿಲ್ವಾ?

ಮಗೂಗೆ ಅನ್ನ ಶುರು ಮಾಡೋ ಹೊತ್ತು ಬಂತು. ಮೊದಲ ತುತ್ತು ನಮ್ಮ ಮನೆ ರೀತೀಲೇ ಕೊಡು, ಹಿರಿಯರ ತಟ್ಟೆಗೆ ಬಡಿಸ್ತೀವಲ್ಲ ಹಾಗೆ: ಎಡಗೈ, ಕೊನೇ ಎರಡು ಬೆರಳು ಮಡಚಿ, ಮೂರೇ ಬೆರಳಲ್ಲಿ. ಉಪ್ಪು ಹಾಕ್ಬೇಡ. ಯಾಕೆ ಅಂತ ಕೇಳ್ಬೇಡ, ನನಗೂ ಯಾರೂ ಹೇಳ್ಲಿಲ್ಲ.

ಮಲಗುವ ವಿಷಯ ಇನ್ನೊಮ್ಮೆ ಬರೀತೀನಿ ಅಂತ ನೀನು ಅಂದಿದ್ದೆ, ಬರೀಲಿಲ್ಲ.

ಆರ್ಮೆಲಾ


ಕಿಂಗ್ಸ್‌ಟೌನ್
14 ಮಾರ್ಚ್ 1966

ಪ್ರೀತಿಯ ತಾಂತಿ,

ಇದನ್ನು ನಿಧಾನವಾಗಿ ಬರೆಯಬೇಕೆಂದು ಕೂತಿದ್ದೇನೆ. ಕೈ ಕೇಳುತ್ತಿಲ್ಲ.

ನಿಮ್ಮ ಪ್ರಶ್ನೆಯನ್ನು ಟೆಲ್ಫರ್ಡ್ ಅವರ ಮುಂದಿಟ್ಟೆ. ಅವರು ಕನ್ನಡಕ ತೆಗೆದು, "ನಿಮ್ಮ ತಾಂತಿ ಯಾವ ಕಾಲೇಜು?" ಎಂದರು. ನಾಲ್ಕನೇ ತರಗತಿಗೆ ಬಿಟ್ಟರು ಎಂದೆ. "ಹಾಗಾದ್ರೆ ಕಾಲೇಜಿನೋರು ಸ್ವಲ್ಪ ಕೂತು ಕೇಳಿ" ಎಂದು, ಮೊದಲ ಪುಸ್ತಕ ಬರೆದ ವರ್ಷ, ಎರಡನೆಯದನ್ನು ಬರೆದ ವರ್ಷ ತೋರಿಸಿದರು. ನಡುವೆ ಐದು ವರ್ಷ. ಆ ಐದು ವರ್ಷದಲ್ಲಿ ಹುಟ್ಟಿ, ಹಾಗೇ ಹೋದವರು ಯಾವ ಪುಟಕ್ಕೂ ಬರಲಿಲ್ಲ. ಮೊದಲ ಪುಸ್ತಕಕ್ಕೆ ಮುಂಚೆ, ಮುಂದಿನ ಪುಸ್ತಕಗಳ ನಡುವೆ ಹೋದವರೂ ಇಲ್ಲ. ಏಳು ಎಂದು ನಿಮಗೆ ಪಾಠ ಹೇಳಿದೆನಲ್ಲ, ಕ್ಷಮಿಸಿ. ಕಲ್ಲು ಹಾಕಿಸುವಾಗ ಡೋಲು ಬಡಿಯುವ ರಾತ್ರಿ, ಮೊದಲ ಕುಣಿತದಲ್ಲಿ ಎಲ್ಲರೂ ಹಿರಿಯರ ಮುಂದೆ ಮಂಡಿಯೂರಿ ತಪ್ಪಾಯಿತು ಎನ್ನುತ್ತೇವಲ್ಲ, ಈ ಸಲ ನಾನು ನಿಮ್ಮ ಮುಂದೆಯೂ ಊರುತ್ತೇನೆ.

ಇನ್ನು ದೊಡ್ಡ ಸುದ್ದಿ. ಕಳೆದ ಸೋಮವಾರ ಟೆಲ್ಫರ್ಡ್ ಇನ್ನೊಂದು ಕಟ್ಟು ತಂದರು. ತೋಟ ಒಬ್ಬ ದೊರೆಯಿಂದ ಇನ್ನೊಬ್ಬನಿಗೆ ಕೈ ಬದಲಾಯಿಸಿದಾಗ ಮಾಡಿದ ಪತ್ರ. ಅದರ ಬಾಲಕ್ಕೆ ತೋಟದ ಜನರ ಪಟ್ಟಿ: ಹೆಸರು, ವಯಸ್ಸು, ಕೆಲಸ, ಮೈಯ ಸ್ಥಿತಿ. ಆಗಲೇ ಇಮೆಲ್ಡಾ ಹಸಿವೆಂದು ರಚ್ಚೆ ಹಿಡಿದಳು. ಬುಟ್ಟಿಯಲ್ಲಿ ಮೆತ್ತಗೆ ಬೇಯಿಸಿದ ಗೆಣಸು ಇತ್ತು. ಮೊದಲ ತುತ್ತು ಮನೆಯಲ್ಲಿ ಕ್ಲೈವ್ ಎದುರಿಗೇ ಕೊಡಬೇಕೆಂದಿದ್ದೆ, ಆಗಲಿಲ್ಲ. ಅಲ್ಲೇ, ಆ ಪುಸ್ತಕಗಳ ನಡುವೆ, ನೀವು ಹೇಳಿದ ಹಾಗೆ ಎಡಗೈಯ ಎರಡು ಬೆರಳು ಮಡಚಿ ಅವಳ ಬಾಯಿಗಿಟ್ಟೆ. ಅವಳು ಮುಖ ಸಿಂಡರಿಸಿ, ನುಂಗಿ, ಮತ್ತೆ ಬಾಯಿ ತೆರೆದಳು.

ಕೈ ಹಾಗೇ ಮಡಚಿಕೊಂಡು ಪಟ್ಟಿಯತ್ತ ತಿರುಗಿದೆ. ಕ್ಲಾರಿಸ್ಸಾ, ಹೊಲದ ಕೆಲಸ, ಗಟ್ಟಿಮುಟ್ಟು. ಡಾಫ್ನಿ, ಹೊಲದ ಕೆಲಸ, ಮೈಯಲ್ಲಿ ಸದಾ ಕಾಯಿಲೆ. ಮಿಂಬಾ, ಹತ್ತಿ ಗಾಣದ ಕೆಲಸ, ಎಡಗೈಯ ಕೊನೆಯ ಎರಡು ಬೆರಳಿಲ್ಲ.

ತಾಂತಿ, ನನ್ನ ಕೈ ನೋಡಿದೆ, ಆ ಸಾಲು ನೋಡಿದೆ. ನೀವು ಮಡಚುತ್ತೀರಿ, ಅಪ್ಪ ಮಡಚುತ್ತಿದ್ದರು, ಅಜ್ಜ ಟೈಟಸ್ ಮಡಚುತ್ತಿದ್ದರು ಎಂದು ನೀವೇ ಹೇಳಿದ್ದಿರಿ. ನಾವು ಯಾರೂ ಅವಳ ಹೆಸರು ಹೇಳಲಿಲ್ಲ. ಆದರೆ ಊಟ ಬಡಿಸುವಾಗಲೆಲ್ಲ ಅವಳ ಕೈಯಾಗುತ್ತಿದ್ದೆವು. ಗ್ರೇಸ್‌ಗೆ ಅವಳು ತಿನ್ನಿಸಿದ್ದು ಆ ಮೂರು ಬೆರಳಲ್ಲಿ, ಗ್ರೇಸ್ ಟೈಟಸ್‌ಗೆ ತಿನ್ನಿಸುವಾಗ ಅಮ್ಮನ ಕೈ ನೆನೆದು ಮಡಚಿರಬೇಕು.

ಟೆಲ್ಫರ್ಡ್ ಕೇಳಿದರು, "ಸಿಕ್ಕಳಾ?" ಮಗುವಿನ ಬಾಯಿ ಒರೆಸುವ ಬಟ್ಟೆಯಲ್ಲಿ ನನ್ನ ಮುಖ ಒರೆಸಿಕೊಂಡೆ, ಗೆಣಸೆಲ್ಲ ಹತ್ತಿತು.

ಇನ್ನೂ ಇದೆ. ಹದಿನೈದು ವರ್ಷದ ನಂತರದ ಇನ್ನೊಂದು ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಗಾಣ ಇಲ್ಲ, ಹೊಲ ಇಲ್ಲ. ಸೂಲಗಿತ್ತಿ ಎಂದಿದೆ. ನಾಲ್ಕು ಮಕ್ಕಳನ್ನು ಮಣ್ಣಿಗಿಟ್ಟ ಹೆಂಗಸು, ಎಂಟು ಬೆರಳಿನವಳು, ಊರಿನ ಮಕ್ಕಳನ್ನೆಲ್ಲ ಹಿಡಿದು ಈಚೆ ತಂದಳು. ಪ್ರತಿ ಸಲ ಆ ಕೋಣೆಯ ಬಾಗಿಲು ದಾಟುವಾಗ ಅವಳ ಎದೆ ಹೇಗಿತ್ತು? ನಾನು ಒಂದೇ ತೊಟ್ಟಿಲ ಪಕ್ಕ ನಿಂತು ರಾತ್ರಿ ಕಳೆಯುತ್ತೇನೆ. ಅವಳು ಮಲಗುತ್ತಿದ್ದಳೇ ಎಂದು ಕೇಳಬೇಕೆನಿಸುತ್ತದೆ. ಅದನ್ನು ಯಾವ ಪಟ್ಟಿಯೂ ಬರೆದಿಲ್ಲ.

ಮಿಂಬಾ. ಶನಿವಾರ ಹುಟ್ಟಿದ ಹೆಣ್ಣುಮಗುವಿಗೆ ಇಡುತ್ತಿದ್ದ ಹೆಸರಂತೆ. ಕಾನೆಲ್‌ಗೆ ಹೇಳಿ.

ಮಗು ಎದ್ದಳು.

ವರ್ಲಿನ್


ಆಶ್ಟನ್
3 ಏಪ್ರಿಲ್ 1966

ಮಗಳೇ,

ನಿನ್ನ ಪತ್ರಾನ ನಾಲ್ಕು ಸಲ ಓದಿದೆ. ಆಮೇಲೆ ಬಾಗಿಲು ಹಾಕ್ಕೊಂಡು ಅವಳ ಹೆಸರನ್ನ ಜೋರಾಗಿ ಹೇಳಿದೆ. ಎಪ್ಪತ್ತೆಂಟು ವರ್ಷಕ್ಕೆ ಮೊದಲ ಸಲ. ಮನೆ ಬೀಳ್ಲಿಲ್ಲ. ಆಡು ಒಂದು ತಿರುಗಿ ನೋಡ್ತು, ಅಷ್ಟೆ.

ಮೆಕ್ಕೆಜೋಳದ ಮುದ್ದೆ ಮಾಡಿ, ತೊಗರಿ ಬೇಯಿಸಿ, ಉಪ್ಪಿಲ್ಲದೆ ಹಿರಿಯರ ತಟ್ಟೆಗೆ ಬಡಿಸ್ದೆ. ಬೆರಳು ಮಡಚೋದನ್ನ ಇಷ್ಟು ದಿನ ರೂಢಿ ಅಂತ ಮಾಡ್ತಿದ್ದೆ, ಈಗ ಯಾರೋ ನನ್ನ ಕೈ ಒಳಗೆ ಕೈ ಇಟ್ಟ ಹಾಗಾಯ್ತು. ನೀನು ದೊಡ್ಡ ಕೆಲಸ ಮಾಡ್ದೆ, ವರ್ಲಿನ್. ನಿಮ್ಮಪ್ಪ ಇದ್ದಿದ್ರೆ ಆಶ್ಟನ್ ಬೀದೀಲಿ ಎದೆ ಉಬ್ಬಿಸಿ ನಡೀತಿದ್ದ, ಅವನ ಜತೆ ನಡೆಯೋಕೆ ನಮಗೆಲ್ಲ ನಾಚಿಕೆ ಆಗ್ತಿತ್ತು.

ಗಾರೆ ಸುರಿದು ಕಲ್ಲು ಮಾಡೋಕೆ ಕಾನೆಲ್ ಅಚ್ಚು ಕಟ್ಟಿದ್ದಾನೆ. ಮಿಂಬಾ ಅಂತ ಮೇಲೆ ದೊಡ್ಡದಾಗಿ. ಕೆಳಗೆ ಏಳು ಹೆಸರು, ಜತೆಗೆ ಪುಸ್ತಕದೋನು ಬಿಟ್ಟ ನಾಲ್ಕೂ. "ಮಳೇಲಿ ಬಂದೋನು ಅಂತ ಕಲ್ಲಿನ ಮೇಲೆ ಕೆತ್ತಿದ್ರೆ ಜನ ನಗಲ್ವಾ?" ಅಂದ. "ನಿನ್ನ ಕಲ್ಲಿನ ಮೇಲೆ ಬಾಯಿಬಡುಕ ಅಂತ ಕೆತ್ತಿಸ್ತೀನಿ, ಆಗ ನಗ್ತಾರೆ" ಅಂದೆ.

ಈಗ ಒಂದು ಮಾತು. ಇದನ್ನ ಬರೆಯೋಕೆ ಎರಡು ವರ್ಷ ತಗೊಂಡಿದ್ದೀನಿ.

ನಿನ್ನ ಮೊದಲನೇ ಮಗು ಹೋದಾಗ ನೀನು ತಂತಿ ಕಳಿಸ್ದೆ. ಮೂರೇ ಪದ. ಆರು ದಿನದ ಮಗು, ಒಂಬತ್ತು ತುಂಬಲಿಲ್ಲ, ಹೆಸರಿರಲ್ಲ, ಕೇಳಿ ಯಾಕೆ ನೋಯಿಸ್ಲಿ ಅಂದ್ಕೊಂಡೆ. ಆಮೇಲೆ ಇಮೆಲ್ಡಾ ಹುಟ್ಟಿದಾಗ ಎಲ್ಲರಿಗೂ "ವರ್ಲಿನ್‌ಗೆ ಮೊದಲನೇ ಮಗು" ಅಂತ ಹೇಳ್ಕೊಂಡು ಬಂದೆ. ನೂರೈವತ್ತು ವರ್ಷದ ಹಿಂದೆ ಒಂಬತ್ತು ದಿನ ತುಂಬದ ಇಬ್ಬರನ್ನ ಎಣಿಸೋ ನಾನು, ನಿನ್ನ ಮಗೂನ ಎಣಿಸ್ಲಿಲ್ಲ. ಆ ಪೆನ್ನಿನೋನ ಹಾಗೇ ಮಾಡ್ದೆ.

ಕಲ್ಲಿನ ಕೆಳಗಡೆ ಒಂದು ಸಾಲು ಖಾಲಿ ಬಿಡಿಸಿದ್ದೀನಿ. ಗಾರೆ ಒಣಗೋ ಮುಂಚೆ ಕೆತ್ತಬೇಕು, ಮೇ ಹತ್ತಕ್ಕೆ ಗಾರೆ ಹಾಕ್ತಾನೆ. ಹೆಸರಿದ್ರೆ ಕಳಿಸು. ಇಲ್ಲ ಅಂದ್ರೆ, ಅವನು ಹೇಗೆ ಬಂದ ಅಂತ ಹೇಳು, ಅದನ್ನೇ ಕೆತ್ತಿಸ್ತೀನಿ.

ನಿನ್ನ ತಾಂತಿ


ಕಿಂಗ್ಸ್‌ಟೌನ್
12 ಏಪ್ರಿಲ್ 1966

ಪ್ರೀತಿಯ ತಾಂತಿ,

ನಿಮ್ಮ ಪತ್ರ ತಲುಪಿತು. ತೊಗರಿಯೂ ತಲುಪಿತು. ಇಮೆಲ್ಡಾಗೆ ಒಂದು ಹಲ್ಲು ಬಂದಿದೆ, ನನ್ನ ಹೆಗಲು ಕಚ್ಚುತ್ತಾಳೆ. ಊಟದ ದಿನಕ್ಕೆ ಬಿಳಿ ಬಟ್ಟೆ ಬೇಕಾಗುತ್ತದಲ್ಲ, ಹತ್ತು ಗಜ ತೆಗೆದಿಟ್ಟಿದ್ದೇನೆ. ಟೆಲ್ಫರ್ಡ್ ಅವರೂ ಬರುತ್ತಾರಂತೆ, ಹಡಗೆಂದರೆ ಅವರಿಗೆ ಹೊಟ್ಟೆ ತೊಳಸುತ್ತದಂತೆ, ಆದರೂ ಬರುತ್ತಾರಂತೆ.

ಇನ್ನೇನಿಲ್ಲ.

ವರ್ಲಿನ್


ಕಿಂಗ್ಸ್‌ಟೌನ್
2 ಮೇ 1966

ತಾಂತಿ,

ಹಿಂದಿನ ಪತ್ರವನ್ನು ಪತ್ರವೆಂದು ಎಣಿಸಬೇಡಿ.

ಅವನಿಗೆ ಹೆಸರಿತ್ತು. ಅದೇ ಕಷ್ಟ.

ಆಸ್ಪತ್ರೆಯಲ್ಲಿ ಎರಡನೇ ದಿನ ನರ್ಸ್ ಬಂದು, ತೊಟ್ಟಿಲಿಗೆ ಚೀಟಿ ಕಟ್ಟಬೇಕು, ಏನೆಂದು ಬರೆಯಲಿ ಎಂದಳು. ಒಂಬತ್ತು ದಿನ ಆಗುವವರೆಗೆ ಹೆಸರು ಹೇಳಬಾರದೆಂದು ನನಗೆ ಗೊತ್ತಿತ್ತು, ನಿಮ್ಮ ಮಡಿಲಲ್ಲಿ ಬೆಳೆದವಳು ನಾನು. ಆದರೆ ಓದಿದವಳಲ್ಲವೇ, ನಕ್ಕೆ. "ನಮ್ಮ ದ್ವೀಪದಲ್ಲಿ ಹೆಸರು ಹೇಳಿದರೆ ಸತ್ತವರು ಬಂದು ಕರೆದೊಯ್ಯುತ್ತಾರೆ ಅಂತಾರೆ" ಎಂದು ತಮಾಷೆ ಮಾಡಿ, ಹೆಸರು ಹೇಳಿಬಿಟ್ಟೆ. ಅವಳು ಬರೆದಳು. ಆಮೇಲೆ ನಾನು ನಾಲ್ಕು ದಿನ ಅವನನ್ನು ಹೆಸರು ಹಿಡಿದೇ ಕರೆದೆ. ಆರನೇ ದಿನ ಬೆಳಿಗ್ಗೆ ಹೋದ.

ವೈದ್ಯರು ಶ್ವಾಸಕೋಶ ಬಲಿತಿರಲಿಲ್ಲ ಎಂದರು, ದಿನ ತುಂಬುವ ಮೊದಲೇ ಹುಟ್ಟಿದ್ದ ಎಂದರು. ನನ್ನ ತಲೆಗೆ ಅದೆಲ್ಲ ಅರ್ಥವಾಗುತ್ತದೆ. ಆದರೆ ಕಣ್ಣು ಮುಚ್ಚಿದರೆ ನನ್ನದೇ ದನಿ ಅವನ ಹೆಸರು ಕೂಗುವುದು ಕೇಳುತ್ತದೆ, ಯಾರಿಗೋ ದಾರಿ ತೋರಿಸಿದ ಹಾಗೆ. ಇದನ್ನು ಕ್ಲೈವ್‌ಗೂ ಹೇಳಿಲ್ಲ. ಅಂದಿನಿಂದ ಆ ಹೆಸರನ್ನು ನಾನು ಎತ್ತಿಲ್ಲ. ಇಮೆಲ್ಡಾಗೆ ಒಂಬತ್ತನೇ ದಿನ ಮುಗಿದು ಹತ್ತನೇ ದಿನ ಹೆಸರಿಟ್ಟೆ. ಆದರೂ ಮಲಗಲಾರೆ. ಮಲಗುವ ವಿಷಯ ಇನ್ನೊಮ್ಮೆ ಬರೆಯುತ್ತೇನೆ ಎಂದಿದ್ದೆನಲ್ಲ, ಇದೇ ಅದು.

ನಿಮ್ಮ ಪತ್ರ ಬಂದ ಮೇಲೆ ಮೂರು ವಾರ ಹನ್ನೊಂದು ಹೆಸರುಗಳನ್ನು ಹೇಳಿಕೊಳ್ಳುತ್ತ ಓಡಾಡಿದೆ. ನಿನ್ನೆ ಬಟ್ಟೆ ಒಗೆಯುವಾಗ ಹೊಳೆಯಿತು. ಮಿಂಬಾ ಕ್ವಾಮಿಗೆ ಒಂಬತ್ತು ದಿನ ಕಾದೇ ಹೆಸರಿಟ್ಟಳು. ಕ್ವಾಮಿ ಹೋದ. ಬೆಸ್‌ಗೂ ಕಾದಳು. ಬೆಸ್ ಹೋದಳು. ಮಳೆಯಲ್ಲಿ ಬಂದವನಿಗೆ ಹೆಸರಿಡಲೇ ಇಲ್ಲ, ಅವನೂ ಹೋದ. ಕಾದು ಹೆಸರಿಟ್ಟವರೂ ಹೋದರು, ಹೆಸರೇ ಇಡದವರೂ ಹೋದರು. ಅವಳ ಬಾಯಿಯ ತಪ್ಪಲ್ಲ ಅದು. ಅವಳ ತಪ್ಪಲ್ಲವಾದರೆ ನನ್ನದು ಹೇಗೆ? ಇಷ್ಟನ್ನು ತಿಳಿಯಲು ನನಗೆ ನೂರೈವತ್ತು ವರ್ಷದ ಹಿಂದಿನ ಹೆಂಗಸು ಬೇಕಾದಳು, ಅವಳ ಮಕ್ಕಳನ್ನು ಬಿಡದೆ ಎಣಿಸಿದ ನೀವು ಬೇಕಾದಿರಿ.

ಈ ಕಾಗದದ ಮೇಲೆ ಬರೆಯುವ ಮೊದಲು ಜೋರಾಗಿ ಹೇಳಿದೆ, ನೀವು ಮಾಡಿದ ಹಾಗೆ. ಇಮೆಲ್ಡಾ ತಿರುಗಿ ನೋಡಿದಳು. ನಗುತ್ತಿದ್ದಳು.

ಅವನ ಹೆಸರು ಆನ್ಸೆಲ್ಮ್.

ವರ್ಲಿನ್


ಆಶ್ಟನ್
9 ಮೇ 1966

ಮಗಳೇ,

ಪತ್ರ ಇವತ್ತು ಬೆಳಿಗ್ಗೆ ಬಂತು. ಕಾನೆಲ್ ಗಾರೆ ಕಲಸೋಕೆ ನಾಳೆ ಬರ್ತೀನಿ ಅಂದಿದ್ದ, ನಾನೇ ಅವನ ಮನೆಗೆ ಹೋಗಿ ಹೆಸರು ಬರೆದು ಕೊಟ್ಟು ಬಂದೆ. ಸಾಲು ಸರಿಯಾಗಿ ಹಿಡಿಯುತ್ತೆ ಅಂದ. ಏನೂ ತಮಾಷೆ ಮಾಡ್ಲಿಲ್ಲ. ಟೋಪಿ ತೆಗೆದ.

ದೋಣಿ ಶುಕ್ರವಾರ ಅಲ್ಲಿಂದ ಹೊರಡುತ್ತೆ. ಗುಮಾಸ್ತನಿಗೆ ನಿಂಬೆಹಣ್ಣು ಕೈಲಿ ಹಿಡ್ಕೊಂಡು ಕೂರೋಕೆ ಹೇಳು. ನಿನಗೆ ನನ್ನ ಮಂಚ, ಮಗು ನನ್ನ ಹತ್ತಿರ. ನೀನು ಇಲ್ಲಿಂದ ಹೋಗೋವರೆಗೂ ಅವಳ ಉಸಿರು ನೋಡೋ ಕೆಲಸ ನಂದು. ನಿದ್ದೆ ಮಾಡೋದು ಒಂದೇ ನಿನ್ನ ಕೆಲಸ.

ಕಲ್ಲು ನಿಲ್ಲಿಸೋ ದಿನ ಊರೆದುರು ನಾನು ವಂಶ ಹೇಳಬೇಕು. ಇವತ್ತು ತೊಗರಿ ಬಿಡಿಸ್ತಾ ಒಂದು ಸಲ ಹೇಳಿ ನೋಡ್ದೆ. ಹೀಗೆ ಹೇಳ್ತೀನಿ, ತಪ್ಪಿದ್ರೆ ಬಂದಾಗ ತಿದ್ದು:

ಮಿಂಬಾಗೆ ಹನ್ನೊಂದು ಮಕ್ಕಳು, ಕೊನೆಯೋಳು ಗ್ರೇಸ್. ಗ್ರೇಸ್‌ಗೆ ಟೈಟಸ್. ಟೈಟಸ್‌ಗೆ ಒರಿಲಿಯಾ. ಒರಿಲಿಯಾಗೆ ನಾನು, ನನ್ನ ತಮ್ಮ. ನನ್ನ ತಮ್ಮನಿಗೆ ವರ್ಲಿನ್. ವರ್ಲಿನ್‌ಗೆ ಇಬ್ಬರು, ಆನ್ಸೆಲ್ಮ್, ಇಮೆಲ್ಡಾ.

ನಿನ್ನ ತಾಂತಿ,
ಆರ್ಮೆಲಾ